ಸಂಜೆ ಆರು ಗಂಟೆಗೆ ಎಲ್ಲಿರುತ್ತೀರಿ?

ಜುಲೈ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆಯಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಗೋವಾ ಗಡಿಯ ಮಾಜಾಳಿಯಿಂದ ಭಟ್ಕಳದವರೆಗೆ ಗಂಡಸರು ಮನೆಯಲ್ಲಿರುತ್ತಾರೆ. ಕುಡಿಯುವವರು ಹೆಚ್ಚು ಕುಡಿಯುವುದೂ ಈ ಎರಡು ತಿಂಗಳಲ್ಲಿ, ಬಿಡಬೇಕೆಂದು ಹೊರಡುವವರು ಹೊರಡುವುದೂ ಈ ಎರಡು ತಿಂಗಳಲ್ಲಿ. ಬಿಟ್ಟವರಿಗೆ ಆಗಸ್ಟ್ ಒಂದನೇ ತಾರೀಕು ಹತ್ತಿರವಾದ ಹಾಗೆ ನಿದ್ದೆ ಹಾರುತ್ತದೆ. ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯುವುದಿಲ್ಲ, ಹೋದರೆ ಬಿಟ್ಟದ್ದು ನಿಲ್ಲುವ ಭರವಸೆ ಇಲ್ಲ. ಈ ಸಲ ಕೆಲಸದ ಸುತ್ತಲಿನ ಐದು ಪತ್ರಗಳನ್ನೇ ಎತ್ತಿಕೊಂಡು, ಚಿಕ್ಕದು ಮಾಡಿ ಹಾಕಿದ್ದೇನೆ. ಆಸ್ತಿ ಪಾಲು, ಜಾತಕ, ಅತ್ತೆ ಸೊಸೆ ವಿಚಾರ ಬರೆದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಿ. ಅತ್ತೆಯಂದಿರು ಎಲ್ಲಿಗೂ ಹೋಗುವುದಿಲ್ಲ.

ಪ್ರಶ್ನೆ: ನನಗೆ 34 ವರ್ಷ, ಮನೆ ಕಾರವಾರದ ಕೋಡಿಬಾಗದಲ್ಲಿ. ಬೈತಖೋಲ್ ಬಂದರಿನ ಟ್ರಾಲ್ ಬೋಟಿನಲ್ಲಿ ಖಲಾಸಿಯಾಗಿದ್ದೆ. ಕುಡಿತದಿಂದ ಕಳೆದ ಹಂಗಾಮಿನ ನಡುವೆಯೇ ಬೋಟಿನಿಂದ ಇಳಿಸಿದರು. ಆಸ್ಪತ್ರೆಗೆ ಸೇರಿ ಬಂದ ಮೇಲೆ ಏಳು ತಿಂಗಳಿಂದ ಮುಟ್ಟಿಲ್ಲ, ಗುಳಿಗೆ ನಡೆಯುತ್ತಿದೆ. ಈಗ ಬೋಟು ನಡೆಸುವ ಹಳೆಯ ತಾಂಡೇಲರೇ ಮತ್ತೆ ಕರೆದಿದ್ದಾರೆ. ಗೋವಾದ ವೆರ್ಣಾದಲ್ಲಿ ಕಾರ್ಖಾನೆ ಕೆಲಸ ಕೊಡಿಸುತ್ತೇನೆ ಎಂದು ಮಾವನ ಮಗ ಹೇಳುತ್ತಾನೆ. ಬಂದರಿನ ಐಸ್ ಕಾರ್ಖಾನೆಯಲ್ಲೂ ಕೆಲಸವಿದೆ, ಆದರೆ ಸಂಬಳ ಬೋಟಿನ ಪಾಲಿನ ಅರ್ಧವೂ ಆಗುವುದಿಲ್ಲ. ಯಾವುದಕ್ಕೆ ಹೋಗಲಿ? ಕುಡಿಯುತ್ತಿದ್ದ ವಿಚಾರ ಹೊಸ ಜಾಗದಲ್ಲಿ ಹೇಳಬೇಕೇ?

ಉತ್ತರ: ತಮ್ಮಾ, ನಿಮ್ಮ ಪತ್ರದಲ್ಲಿ ಮೂರು ಕೆಲಸದ ಸಂಬಳದ ಲೆಕ್ಕವೂ ಪೈಸೆ ಬಿಡದೆ ಇದೆ. ಆ ಮೂರು ಕೆಲಸಗಳು ಸಂಜೆ ಆರು ಗಂಟೆಗೆ ನಿಮ್ಮನ್ನು ಎಲ್ಲಿ ತಂದು ನಿಲ್ಲಿಸುತ್ತವೆ ಎಂಬುದು ಮಾತ್ರ ಒಂದು ಕಡೆಯೂ ಇಲ್ಲ. ನನಗೆ ಮೊದಲು ಬೇಕಾದದ್ದು ಆ ಲೆಕ್ಕ. ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಆಪ್ತ ಸಮಾಲೋಚಕಿಯಾಗಿ ಕೂತಿದ್ದಷ್ಟು ವರ್ಷವೂ ನಾನು ಕೇಳಿದ್ದು ಒಂದೇ ಕಥೆ. ಕೆಲಸ ಕಷ್ಟವಾಯಿತೆಂದು ಮತ್ತೆ ಕುಡಿದವರು ಕಡಿಮೆ. ಕೆಲಸ ಮುಗಿದಿತ್ತು, ಕೈಯಲ್ಲಿ ದುಡ್ಡಿತ್ತು, ಜೊತೆಗೆ ನಾಲ್ಕು ಜನ ಇದ್ದರು ಎಂದವರೇ ಹೆಚ್ಚು.

ಬೋಟನ್ನೇ ನೋಡಿ. ನನ್ನ ತವರು ಹೊನ್ನಾವರದ ಕಾಸರಕೋಡು, ಬಲೆಯ ರಾಶಿಯ ಮೇಲೆ ಕೂತು ಮಗ್ಗಿ ಕಲಿತವಳು ನಾನು. ಟ್ರಾಲ್ ಬೋಟು ಹೋದರೆ ಎಂಟು ಹತ್ತು ದಿನ. ಬಲೆ ಬಿಡು, ಎಳೆ, ಮೀನು ಆರಿಸು, ಐಸಿನಲ್ಲಿ ತುಂಬು, ಒಂದೆರಡು ತಾಸು ಮಲಗು, ಮತ್ತೆ ಎಳೆ. ತಾಂಡೇಲ ಬಿಗಿಯಾಗಿದ್ದರೆ ಅಲ್ಲಿ ಬಾಟಲಿಗೆ ಜಾಗವೇ ಇರುವುದಿಲ್ಲ. ಅಪಾಯ ಇರುವುದು ಧಕ್ಕೆಯಲ್ಲಿ, ಬೋಟು ಬಂದು ನಿಲ್ಲುವ ಕಟ್ಟೆಯಲ್ಲಿ. ಬೋಟು ಬಂತು, ಮೀನು ಹರಾಜಾಯಿತು, ಡೀಸೆಲ್ಲು ಐಸಿನ ಖರ್ಚು ಕಳೆದು ಪಾಲು ಕೈಗೆ ಬಂತು. ನಿದ್ದೆಗೆಟ್ಟ ಮೈ, ಒಟ್ಟಿಗೆ ಬಂದ ನೋಟು, ಮುಂದೆ ಎರಡು ಮೂರು ದಿನ ಬಿಡುವು, ಸುತ್ತ ಅದೇ ಹಳೆಯ ಜೊತೆಗಾರರು. ನೀವು ಬೋಟಿನಿಂದ ಇಳಿಸಿಕೊಂಡದ್ದೂ ಹೀಗೆ ದಡಕ್ಕೆ ಬಂದ ಮರುದಿನವೇ ಎಂದು ನಿಮ್ಮ ಪತ್ರದ ಎರಡನೇ ಪುಟದಲ್ಲಿದೆ.

ವೆರ್ಣಾದ ಕೆಲಸ ಕಾಗದದ ಮೇಲೆ ಚೆನ್ನಾಗಿದೆ. ತಿಂಗಳ ಸಂಬಳ, ಭವಿಷ್ಯ ನಿಧಿ, ತಲೆಯ ಮೇಲೆ ಸೂರು. ಬೆಳಗಿನ ಲೋಕಲ್ ರೈಲಿನಲ್ಲಿ ಕಾರವಾರದಿಂದ ಗೋವಾಕ್ಕೆ ಹೋಗಿ ಸಂಜೆ ಮರಳುವವರು ಬಹಳ ಮಂದಿ ಇದ್ದಾರೆ, ಅವರಲ್ಲಿ ಕುಡಿಯದವರೂ ಬೇಕಾದಷ್ಟು ಮಂದಿ. ಆದರೆ ನಿಮ್ಮ ಮಾವನ ಮಗ ಹೇಳುತ್ತಿರುವುದು ದಿನವೂ ಹೋಗಿ ಬರುವುದನ್ನಲ್ಲ, ಆರು ಜನ ಹುಡುಗರ ಬಾಡಿಗೆ ಕೋಣೆಯಲ್ಲಿ ಉಳಿಯುವುದನ್ನು. ಗೋವಾದಲ್ಲಿ ಮದ್ಯದ ಬೆಲೆ ನಮ್ಮಲ್ಲಿಗಿಂತ ಎಷ್ಟು ಕಡಿಮೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಮಾಜಾಳಿಯ ತಪಾಸಣಾ ಠಾಣೆ ಇರುವುದೇ ಆ ಕಾರಣಕ್ಕೆ. ಗಡಿಯ ಪೋಳೆಂ ದಾಟಿದ ಮೇಲೆ ದಿನಸಿ ಅಂಗಡಿಯಷ್ಟೇ ಸಲೀಸಾಗಿ ಆ ಅಂಗಡಿಯೂ ಸಿಗುತ್ತದೆ. ಹೆಂಡತಿ ಮಕ್ಕಳಿಲ್ಲದ ಕೋಣೆ, ಶನಿವಾರ ಸಂಜೆ, ಆರು ಜನ. ಈ ವರ್ಷ ಬೇಡ.

ಉಳಿದದ್ದು ಐಸ್ ಕಾರ್ಖಾನೆ. ಅದೂ ಅದೇ ಧಕ್ಕೆಯ ಮೇಲಿದೆ, ಒಪ್ಪಿದೆ. ಆದರೂ ವ್ಯತ್ಯಾಸವಿದೆ. ಉಪ್ಪುನೀರಿನ ಟ್ಯಾಂಕಿನಿಂದ ಡಬ್ಬಿ ಎತ್ತಿ, ಬ್ಲಾಕ್ ಕಳಚಿ, ಪುಡಿ ಮಾಡುವ ಯಂತ್ರಕ್ಕೆ ನೂಕುವ ಕೆಲಸದಲ್ಲಿ ದಿನಕ್ಕೊಂದು ಕೊನೆ ಇದೆ, ತಿಂಗಳಿಗೊಂದು ಸಂಬಳ ಇದೆ. ಆರು ಗಂಟೆಗೆ ಬಸ್ಸು ಹತ್ತಿದರೆ ಏಳಕ್ಕೆ ಕೋಡಿಬಾಗದ ಮನೆಯಲ್ಲಿರುತ್ತೀರಿ. ಒಂದು ಷರತ್ತು ಹಾಕಿ: ಹಗಲು ಪಾಳಿ ಮಾತ್ರ. ಬೋಟುಗಳು ನಸುಕಿನಲ್ಲಿ ಹೊರಡುವುದರಿಂದ ರಾತ್ರಿ ಪಾಳಿಗೆ ಜನ ಹುಡುಕುತ್ತಾರೆ, ನಾಲ್ಕು ಕಾಸು ಹೆಚ್ಚು ಕೊಡುತ್ತೇನೆಂದೂ ಹೇಳುತ್ತಾರೆ. ಕುಡಿತ ಬಿಟ್ಟವರ ನಿದ್ದೆ ಹದಕ್ಕೆ ಬರಲು ತಿಂಗಳುಗಳು ಬೇಕು. ಅದನ್ನು ಕೆಡಿಸಿಕೊಂಡು ಗಳಿಸುವ ದುಡ್ಡು ಬೇಡ. ಅರ್ಧ ಸಂಬಳ ಎಂದು ಕೊರಗುತ್ತೀರಿ. ಬೋಟಿನ ಪಾಲಿನಲ್ಲಿ ಮನೆಗೆ ಎಷ್ಟು ಬರುತ್ತಿತ್ತು ಎಂದು ಹೆಂಡತಿಯನ್ನೊಮ್ಮೆ ಕೇಳಿ, ಆಮೇಲೆ ಹೋಲಿಸಿ. ಈ ಹಂಗಾಮು ಐಸ್ ಕಾರ್ಖಾನೆಯಲ್ಲಿ ಕಳೆಯಲಿ. ಮುಂದಿನ ಆಗಸ್ಟಿಗೆ ಬೋಟು ಎಲ್ಲಿಗೂ ಹೋಗಿರುವುದಿಲ್ಲ.

ಇನ್ನು ಹೇಳಬೇಕೇ ಎಂಬ ಪ್ರಶ್ನೆ. ನೀವು ಕುಡಿಯುತ್ತಿದ್ದಿರಿ ಎಂಬುದು ಇಡೀ ಬಂದರಿಗೆ ಗೊತ್ತು, ಬಿಟ್ಟಿದ್ದೀರಿ ಎಂಬುದನ್ನು ಅದು ಇನ್ನೂ ನಂಬಿಲ್ಲ, ಅಷ್ಟೇ. ಹೀಗಿರುವಾಗ ಮುಚ್ಚಿಡಲು ಹೊರಡುವುದು ವ್ಯರ್ಥ. ಕೆಲಸ ಕೊಡುವವರೊಬ್ಬರಿಗೆ ಮಾತ್ರ ಹೇಳಿ, ಅದನ್ನೂ ಕಥೆ ಮಾಡದೆ: ‘ಕುಡಿತ ಬಿಟ್ಟಿದ್ದೇನೆ, ಚಿಕಿತ್ಸೆಯಲ್ಲಿದ್ದೇನೆ. ತಿಂಗಳಿಗೊಂದು ದಿನ ಆಸ್ಪತ್ರೆಗೆ ಹೋಗಬೇಕು. ಸಂಬಳ ಖಾತೆಗೆ ಹಾಕಿ, ಕೈಗೆ ಕೊಡಬೇಡಿ.’ ಇಷ್ಟು ಸಾಕು. ಯಾವಾಗಿನಿಂದ, ಎಷ್ಟು, ಯಾರ ಜೊತೆ ಎಂಬ ಪುರಾಣ ಬೇಡ. ಆಸ್ಪತ್ರೆಯವರು ನಿಮ್ಮ ಒಪ್ಪಿಗೆ ಇಲ್ಲದೆ ಧಣಿಗೆ ಏನೂ ಹೇಳುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ, ಚಿಕಿತ್ಸೆಯ ಗೋಪ್ಯತೆ ಅದರ 23ನೇ ಸೆಕ್ಷನ್ನಿನಲ್ಲಿ ನಿಮಗಿರುವ ಹಕ್ಕು.

ಜೊತೆಯವರು ಕರೆಯುತ್ತಾರೆ. ‘ಒಂದು ಪೆಗ್ಗಿಗೆ ಏನಾಗುತ್ತದೆ’ ಎನ್ನುವವನ ಜೊತೆ ವಾದ ಬೇಡ, ವಾದದಲ್ಲಿ ಕುಡಿದವನೇ ಗೆಲ್ಲುತ್ತಾನೆ. ‘ಗುಳಿಗೆ ನಡೆಯುತ್ತಿದೆ, ಕುಡಿದರೆ ಆಸ್ಪತ್ರೆಯೇ ಗತಿ’ ಎಂದು ಎದ್ದು ನಡೆಯಿರಿ. ನೂಲ ಹುಣ್ಣಿಮೆಯ ದಿನ ಕಡಲಿಗೆ ಕಾಯಿ ಬಿಡಲು ಹೋಗುವುದಿದ್ದರೆ ಮಗಳನ್ನು ಕರೆದುಕೊಂಡು ಹೋಗಿ, ಊಟದ ಹೊತ್ತಿಗೆ ಮನೆಗೆ ಬನ್ನಿ. ಪೂಜೆಯ ನಂತರ ಏನಾಗುತ್ತದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ರಾತ್ರಿ ತಡೆಯಲಾಗದಂತೆ ಆದರೆ ಮೊದಲು ಹೊಟ್ಟೆ ತುಂಬ ಉಣ್ಣಿ, ಹಸಿವೇ ಎಷ್ಟೋ ಸಲ ಕುಡಿತದ ವೇಷ ಹಾಕಿಕೊಂಡು ಬರುತ್ತದೆ. ಅದಕ್ಕೂ ಬಗ್ಗದಿದ್ದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಅದು, 2022ರ ಅಕ್ಟೋಬರಿನಿಂದ ನಡೆಯುತ್ತಿದೆ, ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ವೈದ್ಯರು ಹೇಳುವವರೆಗೆ ಗುಳಿಗೆ ನಿಲ್ಲಿಸಬೇಡಿ. ‘ಈಗ ಸರಿ ಇದ್ದೇನಲ್ಲ’ ಎಂಬುದು ನಿಲ್ಲಿಸುವುದಕ್ಕೆ ಕಾರಣವಲ್ಲ.

ಪ್ರಶ್ನೆ: ನಾವು ಶಿರಸಿ ಕಡೆಯ ಹಳ್ಳಿಯವರು. ಗಂಡ ಕೊನೆಗೌಡ. ಊರಿನ ಅಡಿಕೆ ತೋಟಗಳಲ್ಲೆಲ್ಲ ಮರ ಹತ್ತಿ ಕೊಳೆ ರೋಗದ ಔಷಧ ಹೊಡೆಯುವುದು, ಅಡಿಕೆ ಕೊನೆ ಇಳಿಸುವುದು ಅವರೇ. ಏಪ್ರಿಲಿನಲ್ಲಿ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದ ಮೇಲೆ ಕುಡಿದಿಲ್ಲ. ಆದರೆ ಕೈ ನಡುಗುತ್ತದೆ, ಮರ ಹತ್ತಲು ಹೆದರಿಕೆ ಎನ್ನುತ್ತಾರೆ. ತೋಟದ ಒಡೆಯರು ‘ಸ್ವಲ್ಪ ಹಾಕಿಕೊಂಡು ಹತ್ತು, ನಡುಕ ನಿಲ್ಲುತ್ತದೆ’ ಎಂದು ತಾವೇ ತಂದು ಕೊಡಲು ಬರುತ್ತಾರೆ. ಮತ್ತೆ ಶುರು ಮಾಡಿಯಾರೆಂದು ಹೆದರಿ, ಪರಿಚಯದವರು ಕೊಟ್ಟ ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲಿ ಬೆರೆಸುತ್ತಿದ್ದೇನೆ. ಅವರಿಗೆ ಗೊತ್ತಿಲ್ಲ. ಹತ್ತದಿದ್ದರೆ ಸಂಪಾದನೆ ಇಲ್ಲ. ಏನು ಮಾಡಲಿ?

ಉತ್ತರ: ತಂಗೀ, ಮೊದಲು ಆ ಗುಳಿಗೆ. ಈ ಉತ್ತರ ಓದಿದ ಕೂಡಲೇ ನಿಲ್ಲಿಸಿ, ಇವತ್ತೇ ಗಂಡನಿಗೆ ಹೇಳಿ. ನೀವು ಬರೆದಿರುವ ಹೆಸರು ನೋಡಿದರೆ ಅದು ಡೈಸಲ್ಫಿರಾಮ್. ಅದು ಮೈಯಲ್ಲಿರುವಾಗ ಮದ್ಯ ಕುಡಿದರೆ ಮದ್ಯ ಪೂರ್ತಿ ಕರಗದೆ ನಡುವಿನಲ್ಲೇ ವಿಷವಾಗಿ ನಿಲ್ಲುತ್ತದೆ. ಮುಖ ಕೆಂಪೇರಿ, ಎದೆ ಡವಡವ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು. ಈಗ ಯೋಚಿಸಿ: ನೀವು ಸಾರಿನಲ್ಲಿ ಬೆರೆಸಿದ್ದೀರಿ, ಒಡೆಯರು ಮರದ ಬುಡದಲ್ಲಿ ಲೋಟ ಹಿಡಿದು ನಿಂತಿದ್ದಾರೆ, ನಿಮ್ಮ ಗಂಡ ಐವತ್ತು ಅಡಿ ಮೇಲೆ ಹೋಗುತ್ತಾರೆ. ಈ ಗುಳಿಗೆ ಕೆಟ್ಟದ್ದೇನೂ ಅಲ್ಲ, ಬಹಳ ಜನರನ್ನು ಉಳಿಸಿದೆ. ಆದರೆ ಅದನ್ನು ಯಕೃತ್ತಿನ ಪರೀಕ್ಷೆ ಮಾಡಿಸಿ, ನುಂಗುವವನಿಗೆ ತಿಳಿಸಿ, ಒಪ್ಪಿಸಿ ಕೊಡಬೇಕು. ಕದ್ದು ಕೊಡುವ ಮದ್ದು ಇದಲ್ಲ. ಗುಳಿಗೆಯ ಪಟ್ಟಿಯನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡು ಇಬ್ಬರೂ ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಲ್ಲಿ ಬರುತ್ತಾರೆ. ನಿಮ್ಮಲ್ಲಿ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೊರಡಿ.

ಕೈ ನಡುಕದ ಬಗ್ಗೆ. ಕುಡಿತ ಬಿಟ್ಟ ಮೊದಲ ವಾರ ನಡುಕ ಸಹಜ, ಆಮೇಲೆ ಇಳಿಯಬೇಕು. ಏಪ್ರಿಲಿನಿಂದ ಜುಲೈವರೆಗೂ ಇದೆ ಎಂದರೆ ನರಗಳು ಸೊರಗಿರಬಹುದು, ಬಿ ಗುಂಪಿನ ಜೀವಸತ್ವ ಕಡಿಮೆಯಾಗಿರಬಹುದು, ಥೈರಾಯ್ಡ್ ಇರಬಹುದು, ಬರೀ ಹೆದರಿಕೆಯೂ ಇರಬಹುದು. ನಡುಕದ ಜೊತೆ ನಡಿಗೆಯೂ ತೂರಾಡುತ್ತದೆಯೇ ಎಂದು ವೈದ್ಯರು ಕೇಳುತ್ತಾರೆ, ನೋಡಿಟ್ಟುಕೊಳ್ಳಿ. ಹತ್ತಬಹುದೋ ಇಲ್ಲವೋ ಎಂದು ಹೇಳಬೇಕಾದವರು ಅವರು, ಒಡೆಯರಲ್ಲ. ಮದ್ಯ ಹಾಕಿದರೆ ನಡುಕ ನಿಲ್ಲುವುದು ನಿಜ. ಮದ್ಯಕ್ಕೆ ಒಗ್ಗಿದ ಮೈ ಮದ್ಯ ಸಿಕ್ಕಾಗ ಸುಮ್ಮನಾಗುತ್ತದೆ, ಆ ರೋಗದ ಗುರುತೇ ಅದು. ಪಾಚಿ ಹಿಡಿದ ಅಡಿಕೆ ಮರದ ಮೇಲೆ, ಮಳೆಯಲ್ಲಿ, ಒಂದು ಮರದ ತಲೆಯಿಂದಲೇ ಇನ್ನೊಂದನ್ನು ಬಗ್ಗಿಸಿ ಎಳೆದುಕೊಂಡು ದಾಟುವ ಮನುಷ್ಯನಿಗೆ ಲೋಟ ಕೊಡುವ ಒಡೆಯರು ಬಿದ್ದ ದಿನ ಆಸ್ಪತ್ರೆಯ ಬಾಗಿಲವರೆಗೂ ಬರುವುದಿಲ್ಲ. ಕಂಡದ್ದನ್ನೇ ಹೇಳುತ್ತಿದ್ದೇನೆ.

ಸಂಪಾದನೆ? ಈ ಮಳೆಗಾಲ ಅವರು ಹತ್ತುವುದು ಬೇಡ, ಆದರೆ ತೋಟದಿಂದ ಹೊರಗೆ ಬರುವುದೂ ಬೇಡ. ಕೊನೆಗೌಡನ ವಿದ್ಯೆ ಮರದ ತುದಿಯಲ್ಲಿ ಮಾತ್ರ ಇರುವುದಿಲ್ಲ. ಕೊಳೆ ಔಷಧವೆಂದು ಹೊಡೆಯುವ ಶೇಕಡ ಒಂದರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಎಲ್ಲರೂ ಹೇಳುತ್ತಾರೆ. ಹದವಾಗಿ ಕಲಸಲು ಬರುವವರು ಎಷ್ಟು ಮಂದಿ? ಮೈಲುತುತ್ತ ಬೇರೆ, ಸುಣ್ಣ ಬೇರೆ ಕರಗಿಸಿಕೊಂಡು, ಸೇರಿಸಿದ ಮೇಲೆ ಕಬ್ಬಿಣದ ಕತ್ತಿಯ ಅಲಗು ಅದ್ದಿ ತಾಮ್ರದ ಬಣ್ಣ ಹತ್ತಿತೇ ಎಂದು ನೋಡಿ, ಹತ್ತಿದರೆ ಇನ್ನಷ್ಟು ಸುಣ್ಣ ಹಾಕುವ ಕೈ ಬೇಕು. ಹದ ತಪ್ಪಿದರೆ ಔಷಧಿಯೇ ಎಳೆಯ ಕಾಯಿಯನ್ನು ಸುಡುತ್ತದೆ. ಆ ಕೆಲಸ ನೆಲದ ಮೇಲಿನದು. ಕಾರ್ಬನ್ ಫೈಬರಿನ ದೋಟಿ, ಅಂದರೆ ಉದ್ದನೆಯ ಕೋಲು, ಬಂದ ಮೇಲೆ ನೆಲದಲ್ಲೇ ನಿಂತು ಔಷಧ ಹೊಡೆಯುವವರು, ಕೊನೆ ಕೊಯ್ಯುವವರು ಹೆಚ್ಚಾಗಿದ್ದಾರೆ. ಮರದ ಸ್ವಭಾವ ಗೊತ್ತಿದ್ದವನಿಗೆ ದೋಟಿ ಬೇಗ ಕೈಹತ್ತುತ್ತದೆ. ಅದರ ಬೆಲೆ ಕೂಲಿಕಾರನ ಕೈಗೆ ಎಟುಕುವಂಥದ್ದಲ್ಲ, ಹಾಗಾಗಿ ದೋಟಿ ಇಟ್ಟುಕೊಂಡಿರುವ ತೋಟದ ಮನೆಗೆ ಹೋಗಿ ಕೇಳಲಿ. ಈಗ ಕೊನೆಗೌಡರ ಬರಗಾಲ. ಷರತ್ತು ಹಾಕುವ ಬಲ ನಿಮ್ಮ ಕಡೆಗೇ ಇದೆ: ಕೂಲಿ ಹಣವಾಗಿ ಕೊಡಿ, ಲೋಟವಾಗಿ ಬೇಡ.

ಶಿಬಿರ ಧರ್ಮಸ್ಥಳದ ಜನಜಾಗೃತಿ ವೇದಿಕೆಯದಾಗಿದ್ದರೆ ಹತ್ತಿರದಲ್ಲಿ ನವಜೀವನ ಸಮಿತಿ ಇರುತ್ತದೆ, ಶಿಬಿರಕ್ಕೆ ಹೋಗಿ ಬಂದವರೇ ಸೇರುವ ಜಾಗ. ಅಲ್ಲಿಗೆ ತಪ್ಪದೆ ಕಳಿಸಿ. ಭಜನೆ ಹಿಡಿಸದಿದ್ದರೆ ಹಿಂದಿನ ಸಾಲಿನಲ್ಲಿ ಕೂರಲಿ, ಜನ ಮುಖ್ಯ.

ಪತ್ರದ ಕೊನೆಯಲ್ಲಿ ‘ಈಗ ಎಲೆ ಅಡಿಕೆಯ ಕವಳ ಜಾಸ್ತಿಯಾಗಿದೆ, ಅದು ಪರವಾಗಿಲ್ಲ ಅಲ್ಲವೇ’ ಎಂದು ಕೇಳಿದ್ದೀರಿ. ಪರವಾಗಿದೆ. ಕುಡಿತ ಬಿಟ್ಟವರ ಬಾಯಿ ಏನನ್ನಾದರೂ ಬೇಡುತ್ತದೆ, ನಮ್ಮ ಕಡೆ ಅದಕ್ಕೆ ಹೊಗೆಸೊಪ್ಪು ಸಿದ್ಧವಿರುತ್ತದೆ. ಹೊಗೆಸೊಪ್ಪು ಬಿಡಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಹಾಕಿದೆ. ಈ ವಾಕ್ಯಕ್ಕೆ ತೋಟಿಗರಿಂದ ಪತ್ರಗಳು ಬರುತ್ತವೆ. ಬರಲಿ, ಅವರ ಮನೆಯ ಕವಳದ ತಟ್ಟೆಯ ಮುಂದೆ ಕೂತೇ ಓದುತ್ತೇನೆ.

ಪ್ರಶ್ನೆ: ಬಿ.ಕಾಂ. ಓದಿ ಶಿರಸಿಯಲ್ಲಿ ಲೆಕ್ಕ ಬರೆಯುವ ಕೆಲಸದಲ್ಲಿದ್ದೆ. ಕುಡಿತ ಮಿತಿಮೀರಿದಾಗ ನಾನಾಗಿಯೇ ಕೆಲಸ ಬಿಟ್ಟೆ. ಒಂದು ವರ್ಷದ ಮೇಲಾಯಿತು. ಈಗ ಸಂದರ್ಶನಕ್ಕೆ ಹೋದಲ್ಲೆಲ್ಲ ‘ಇಷ್ಟು ದಿನ ಏನು ಮಾಡುತ್ತಿದ್ದಿರಿ’ ಎಂದು ಕೇಳುತ್ತಾರೆ. ನನ್ನ ನಾಲಿಗೆ ಒಣಗುತ್ತದೆ.

ಉತ್ತರ: ನಾಲಿಗೆ ಒಣಗುವುದು ಉತ್ತರ ಸಿದ್ಧವಿಲ್ಲದ್ದಕ್ಕೆ. ‘ಆರೋಗ್ಯ ಸರಿ ಇರಲಿಲ್ಲ. ಚಿಕಿತ್ಸೆ ಪಡೆದೆ. ಈಗ ಕೆಲಸ ಮಾಡುವಂತಿದ್ದೇನೆ, ಬೇಕಿದ್ದರೆ ವೈದ್ಯರ ಪ್ರಮಾಣಪತ್ರ ತರುತ್ತೇನೆ.’ ಈ ಮೂರು ವಾಕ್ಯಗಳಲ್ಲಿ ಸುಳ್ಳು ಒಂದೂ ಇಲ್ಲ. ಕನ್ನಡಿಯ ಮುಂದೆ ಬೇಡ, ಹೆಂಡತಿಯ ಮುಂದೆ ಹೇಳಿ ಅಭ್ಯಾಸ ಮಾಡಿ, ಅವಳಿಗಿಂತ ಗಟ್ಟಿ ಪರೀಕ್ಷಕರು ಸಿಗುವುದಿಲ್ಲ. ಯಾವ ಕಾಯಿಲೆ ಎಂದು ಮುಂದುವರಿದು ಕೇಳಿದರೆ, ಹೇಳುವುದೂ ಬಿಡುವುದೂ ನಿಮ್ಮ ಇಷ್ಟ. ಆದರೆ ಇಲ್ಲದ ಅಂಗಡಿಯ ಅನುಭವ ಪತ್ರ ಮಾಡಿಸಲು ಹೋಗಬೇಡಿ. ಶಿರಸಿ ಎಷ್ಟು ದೊಡ್ಡ ಊರು? ಸಂಜೆಯೊಳಗೆ ಗೊತ್ತಾಗುತ್ತದೆ.

ಪೂರ್ಣಾವಧಿ ಕೆಲಸಕ್ಕೇ ಕಾಯಬೇಡಿ. ತೆರಿಗೆ ಸಲಹೆಗಾರರ ಕಚೇರಿಗಳಲ್ಲಿ ಜಿಎಸ್‌ಟಿ ಲೆಕ್ಕ ಸಲ್ಲಿಸಬೇಕಾದ 11 ಮತ್ತು 20ನೇ ತಾರೀಕಿನ ಮುಂಚೆ ಕೈ ಸಾಲುವುದಿಲ್ಲ. ಅಡಿಕೆ ಹಂಗಾಮಿನಲ್ಲಿ ದಾಸ್ತಾನು ಇಡುವ ವಖಾರಿಗಳಿಗೆ ಲೆಕ್ಕ ಬರೆಯುವವರು ಬೇಕು. ಅಲ್ಲಿ ಮೂರು ತಿಂಗಳು ನಿಂತರೆ ಮುಂದಿನ ಸಂದರ್ಶನದಲ್ಲಿ ಆ ಪ್ರಶ್ನೆಯೇ ಬೇರೆಯಾಗುತ್ತದೆ. ನಗದು ಕೌಂಟರಿನಲ್ಲಿ ಕೂರಿಸುತ್ತೇವೆ ಎಂದರೆ ಈಗ ಬೇಡ ಎನ್ನಿ. ನಿಮ್ಮ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ನೂರು ರೂಪಾಯಿ ಹೆಚ್ಚು ಕಡಿಮೆಯಾದ ದಿನ ಎಲ್ಲರೂ ಮೊದಲು ನೋಡುವುದು ನಿಮ್ಮ ಮುಖವನ್ನು. ಆ ಸಂಜೆ ನಿಮಗೆ ಬೇಡ.

ಪ್ರಶ್ನೆ: ಗೋಕರ್ಣದ ತಾಯಿ ನಾನು. ಮಗನಿಗೆ 23, ಐಟಿಐ ಎಲೆಕ್ಟ್ರಿಷಿಯನ್. ಕಡಲತೀರದ ಸಹವಾಸದಲ್ಲಿ ಗಾಂಜಾ ಹತ್ತಿತು. ಕಳೆದ ವರ್ಷ ಪೊಲೀಸರು ಹಿಡಿದು ಸೇದಿದ್ದಕ್ಕೆ ಪ್ರಕರಣ ಹಾಕಿದ್ದಾರೆ, ನ್ಯಾಯಾಲಯದಲ್ಲಿ ಇನ್ನೂ ಇದೆ. ಈಗ ಚಿಕಿತ್ಸೆಗೆ ತಾನಾಗಿ ಒಪ್ಪಿ ಹೋಗುತ್ತಿದ್ದಾನೆ. ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆದಾರರೊಬ್ಬರು ಕೆಲಸ ಕೊಡುತ್ತಾರಂತೆ, ಆದರೆ ಪೊಲೀಸ್ ಪರಿಶೀಲನಾ ಪತ್ರ ಬೇಕು. ಪ್ರಕರಣ ಇಲ್ಲ ಎಂದು ಬರೆದರೆ ಏನಾಗುತ್ತದೆ?

ಉತ್ತರ: ಇಲ್ಲ ಎಂದು ಬರೆಯಬಾರದು. ಕೈಗಾ ಇರಲಿ, ಅರ್ಗಾದ ನೌಕಾನೆಲೆ ಇರಲಿ, ಒಳಗೆ ಹೋಗುವ ಪಾಸಿಗೆ ಪೊಲೀಸ್ ಪರಿಶೀಲನೆ ಆಗಿಯೇ ಆಗುತ್ತದೆ, ಪ್ರಕರಣ ಅಲ್ಲಿ ಕಾಣುತ್ತದೆ. ಮುಚ್ಚಿಟ್ಟದ್ದು ಆಗ ಎರಡನೇ ತಪ್ಪಾಗಿ ನಿಲ್ಲುತ್ತದೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ: ಮಾಹಿತಿ ಸತ್ಯವಾಗಿರಬೇಕು. ಸತ್ಯ ಹೇಳಿದವನನ್ನು ತೆಗೆದುಕೊಳ್ಳಲೇಬೇಕೆಂದಿಲ್ಲ, ಆದರೆ ಪ್ರಕರಣ ಎಷ್ಟು ಗಂಭೀರ ಎಂದು ತೂಗಿ ನೋಡುವ ಅವಕಾಶ ಕೆಲಸ ಕೊಡುವವರಿಗಿದೆ.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ನಿಮ್ಮ ವಕೀಲರು ಹೇಳಿದಂತೆ ಕಾಣುವುದಿಲ್ಲ. 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯ್ದೆಯ 27ನೇ ಸೆಕ್ಷನ್ ಸೇವನೆಗೆ ಸಂಬಂಧಿಸಿದ್ದು. ಗಾಂಜಾಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದೇ ಕಾಯ್ದೆಯಲ್ಲಿ 64ಎ ಎಂಬ ಸೆಕ್ಷನ್ ಇದೆ. ಇಂಥ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ ಎನ್ನುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆಯೂ ಹೋಗಬಹುದು. ಮಗನ ಪ್ರಕರಣಕ್ಕೆ ಇದು ಹೊಂದುತ್ತದೆಯೇ ಎಂದು ಹೇಳಬೇಕಾದವರು ವಕೀಲರು. ಚಿಕಿತ್ಸೆಯ ಚೀಟಿಗಳನ್ನೆಲ್ಲ ದಿನಾಂಕವಾರು ಜೋಡಿಸಿಕೊಂಡು ಕೇಳಿ. ವಕೀಲರ ಖರ್ಚು ಭಾರವಾದರೆ ಕಾನೂನು ಸೇವೆಗಳ ಪ್ರಾಧಿಕಾರವಿದೆ, 15100ಕ್ಕೆ ಕರೆ ಮಾಡಿದರೆ ದಾರಿ ಹೇಳುತ್ತಾರೆ. ಮಗ ಈಗ ಹೋಗುತ್ತಿರುವುದು ಮಾನ್ಯತೆ ಇರುವ ಜಾಗವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ನಾಟಿ ಔಷಧದ ಆಶ್ರಮದ ರಸೀದಿ ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಪ್ರಕರಣ ಮುಗಿಯುವವರೆಗೆ ಕೈಗಾದ ಗೇಟು ನೋಡುತ್ತಾ ಕೂರುವುದು ಬೇಡ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಸ್ವಂತ ಉದ್ಯೋಗಕ್ಕೆ ಉಚಿತ ತರಬೇತಿ, ಊಟ ವಸತಿ ಅಲ್ಲೇ. ಮೋಟಾರ್ ರಿವೈಂಡಿಂಗಿನಂಥ ಕೆಲಸ ಐಟಿಐ ಹುಡುಗನಿಗೆ ಸಲೀಸು, ನಮ್ಮ ಕರಾವಳಿಯ ಉಪ್ಪುಗಾಳಿಗೆ ಪಂಪುಗಳು ಸುಡುವುದು ನಿಲ್ಲುವುದೂ ಇಲ್ಲ. ಮುಂದಿನ ತರಬೇತಿ ಯಾವಾಗ, ಯಾವುದು ಎಂದು ವಿಚಾರಿಸಿ. ನನ್ನ ಮಟ್ಟಿಗೆ ಆ ಸಂಸ್ಥೆಯ ದೊಡ್ಡ ಗುಣ ಅದು ಗೋಕರ್ಣದಲ್ಲಿ ಇಲ್ಲದಿರುವುದು. ಆ ದಡ, ಆ ಗುಡಿಸಲು ಹೋಟೆಲು, ಆ ಸೂರ್ಯಾಸ್ತ, ಆ ಗೆಳೆಯರು. ನಿಮ್ಮ ಮಗನಿಗೂ ಸಂಜೆ ಆರೇ ಕಷ್ಟದ ಹೊತ್ತು ಎಂದು ನನ್ನ ಊಹೆ. ತರಬೇತಿ ಮುಗಿಸಿ ಬಂದ ಮೇಲೂ ಅಂಗಡಿ ಹಾಕುವುದಿದ್ದರೆ ಕುಮಟಾದಲ್ಲೋ ಅಂಕೋಲಾದಲ್ಲೋ ಹಾಕಲಿ.

ಮತ್ತೊಂದು ಮಾತು. ಮುಂದಿನ ಪತ್ರ ಅವನೇ ಬರೆಯಲಿ. ಗುತ್ತಿಗೆದಾರರ ಜೊತೆ ಮಾತು, ವಕೀಲರ ಜೊತೆ ಮಾತು, ಈ ಅಂಕಣಕ್ಕೆ ಪತ್ರ ಎಲ್ಲ ನೀವೇ ಮಾಡಿದರೆ ಅವನಿಗೆ ಉಳಿಯುವ ಕೆಲಸ ಯಾವುದು?

ಪ್ರಶ್ನೆ: ಹೊನ್ನಾವರದಲ್ಲಿ ಸಣ್ಣ ಊಟದ ಹೋಟೆಲ್ ನಡೆಸುತ್ತೇನೆ. ಕುಡಿತ ಬಿಟ್ಟು ಬಂದ ಒಬ್ಬರನ್ನು ಅಡುಗೆಗೆ ಇಟ್ಟುಕೊಂಡಿದ್ದೇನೆ, ಕೈ ಚೆನ್ನಾಗಿದೆ. ಅವರ ಸಂಬಳವನ್ನು ಹೆಂಡತಿಯ ಕೈಗೇ ಕೊಡಲೇ? ಮತ್ತೆ ಕುಡಿದರೆ ಏನು ಮಾಡಲಿ?

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ಕೆಲಸ ಕೊಡುವವರ ಕಡೆಯಿಂದ ಬಂದದ್ದು ನಿಮ್ಮದೊಂದೇ. ಸಂಬಳ ದುಡಿದವರದು. ಹೆಂಡತಿಯ ಖಾತೆಗೆ ಹಾಕಿ ಎಂದು ಅವರೇ ಬರೆದುಕೊಟ್ಟರೆ ಹಾಕಿ, ನೀವಾಗಿ ಮಾಡಬೇಡಿ. ಹೆಂಡತಿಯ ಎದುರು ಅವರನ್ನು ಚಿಕ್ಕ ಹುಡುಗನನ್ನಾಗಿ ಮಾಡಿದ ಹಾಗಾಗುತ್ತದೆ. ಗಲ್ಲಾದಲ್ಲಿ ಬೇಕೆಂದೇ ದುಡ್ಡು ಬಿಟ್ಟು ಪರೀಕ್ಷಿಸುವ ಜಾಣತನವೂ ಬೇಡ. ಮಧ್ಯಾಹ್ನದ ಊಟ ಮುಗಿದು ರಾತ್ರಿಯ ಅಡುಗೆ ಶುರುವಾಗುವ ನಡುವಿನ ಖಾಲಿ ಹೊತ್ತಿನ ಮೇಲೆ ಕಣ್ಣಿಡಿ. ನಿಮ್ಮ ಹೋಟೆಲಿನಲ್ಲಿ ಆ ಹೊತ್ತಿಗೆ ಎಲ್ಲರೂ ಪೇಟೆಗೆ ಹೋಗುತ್ತಾರೆ ಎಂದು ಬರೆದಿದ್ದೀರಿ. ಅವರಿಗೆ ಮಸಾಲೆ ಹುರಿಯುವುದೋ ಮೀನು ಸ್ವಚ್ಛ ಮಾಡುವುದೋ ಏನಾದರೂ ಆ ಹೊತ್ತಿಗೇ ಹಚ್ಚಿ.

ಮತ್ತೆ ಕುಡಿದು ಬಂದರೆ ಆ ದಿನ ಒಲೆಯ ಹತ್ತಿರ ಬಿಡಬೇಡಿ, ಬೈಯಬೇಡಿ, ಮನೆಗೆ ಕಳಿಸಿ. ಮರುದಿನ ಬೆಳಗ್ಗೆ ಮಾತನಾಡಿ, ಆಸ್ಪತ್ರೆಗೆ ಹೋಗಿ ಬಂದರೆ ಕೆಲಸ ಇದೆ ಎನ್ನಿ. ಒಂದು ಸಲ ಜಾರಿದವರೆಲ್ಲ ಹಳೆಯ ಗುಂಡಿಗೇ ಬೀಳುವುದಿಲ್ಲ. ವಾರಗಟ್ಟಲೆ ಕುಡಿದು ಒಮ್ಮೆಲೇ ನಿಲ್ಲಿಸಿ, ಎರಡು ಮೂರು ದಿನದಲ್ಲಿ ಮೈ ಬೆವೆತು ನಡುಗಿ, ಇಲ್ಲದ್ದೇನೋ ಕಾಣುತ್ತದೆ ಎಂದರೆ ಅದು ದೆವ್ವವೂ ಅಲ್ಲ, ನಾಟಕವೂ ಅಲ್ಲ, ಆಗ ಗಾಡಿ ಮಾಡಿಕೊಂಡು ನೇರ ಆಸ್ಪತ್ರೆಗೆ ಒಯ್ಯಿರಿ. ಎಷ್ಟು ಸಲ ಸಹಿಸಬೇಕು ಎಂಬುದಕ್ಕೆ ನಾನು ಸಂಖ್ಯೆ ಕೊಡುವುದಿಲ್ಲ, ಹೋಟೆಲು ನಿಮ್ಮದು. ಆ ಗೆರೆ ಎಲ್ಲಿದೆ ಎಂದು ಈಗಲೇ, ಅವರು ಚೆನ್ನಾಗಿರುವಾಗಲೇ, ಅವರಿಗೆ ಹೇಳಿಬಿಡಿ. ಸಂಬಳದ ದಿನವನ್ನೂ ಬದಲಿಸಿ. ಈಗ ಶನಿವಾರ ರಾತ್ರಿ ಕೊಡುತ್ತೀರಿ. ಸೋಮವಾರ ಬೆಳಗ್ಗೆ ಕೊಡಿ.